ಎರಡು ಕಾಳುಮೆಣಸಿನ ಗೇಣಿ

ಇಂಗ್ಲೆಂಡಿನ ಕೆಂಟ್ ಸೀಮೆಯ ಸೆವನೋಕ್ಸ್‌ನಲ್ಲಿ ‘ವೈನ್’ ಎಂಬ ಹಳೇ ಕ್ರಿಕೆಟ್ ಮೈದಾನವಿದೆ. ವರ್ಷದ ಗೇಣಿ ಎರಡು ಕಾಳುಮೆಣಸು. ಎರಡು ಕ್ವಿಂಟಾಲ್ ಅಲ್ಲ ಸ್ವಾಮೀ, ಎರಡು ಕಾಳು! ಒಂದು ಮೈದಾನದ ಬಾಬ್ತು, ಇನ್ನೊಂದು ಪೆವಿಲಿಯನ್ನಿನದು. ಕ್ಲಬ್ಬು ಅದನ್ನು ಪುರಸಭೆಗೆ ಸಲ್ಲಿಸಬೇಕು. ಪುರಸಭೆ, ಪಕ್ಕದ ನೋಲ್ ಬಂಗಲೆಯ ಲಾರ್ಡ್ ಸ್ಯಾಕ್‌ವಿಲ್ ಕೇಳಿದರೆ, ವರ್ಷಕ್ಕೊಂದು ಕ್ರಿಕೆಟ್ ಚೆಂಡು ಒಪ್ಪಿಸಬೇಕು. ನಮ್ಮಲ್ಲಾಗಿದ್ದರೆ ಕ್ಲಬ್ಬಿನವರು 1974ರಲ್ಲೇ ‘ಉಳುವವನೇ ಹೊಲದೊಡೆಯ’ ಕಾನೂನಿನಡಿ ಡಿಕ್ಲರೇಷನ್ ಹಾಕಿ ಮೈದಾನವನ್ನು ತಮ್ಮದು ಮಾಡಿಕೊಂಡು, ಇಷ್ಟೊತ್ತಿಗೆ ಅಡಿಕೆ ಸಸಿ ನೆಡುತ್ತಿದ್ದರು.

‘ವೈನ್’ ಅಂದರೆ ಬಳ್ಳಿ. ಮೆಣಸಿನ ಬಳ್ಳಿ ಎಂಥದ್ದು ಅಂತ ಅವರೇನು ಬಲ್ಲರು? ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು, ಏಣಿ ಹತ್ತುವವನ ಕೈಕಾಲು ಹಿಡಿದು ಕೊಯ್ಲು ಮಾಡಿಸಿ, ಒಣಗಿಸಿ ಮಂಡಿಗೆ ಒಯ್ದರೆ, ಸಾಹುಕಾರ ಒಂದು ಕಾಳು ಹಲ್ಲಿಗಿಟ್ಟು ಕಟಕ್ಕೆನಿಸಿ, “ಇನ್ನೆರಡು ಬಿಸಿಲು ಬೇಕಿತ್ತು ಹೆಗಡೇರೇ” ಎಂದು ದರ ಇಳಿಸುತ್ತಾನೆ. ಅವನು ಉಗುಳಿದ್ದು ಒಂದು ಪೆವಿಲಿಯನ್ನಿನ ವರ್ಷದ ಬಾಡಿಗೆ! ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಸುಮ್ಮನೆ ಕರೆಯಲಿಲ್ಲ. ಆಕೆಯ ಒಂದು ಮೂಟೆಗೆ ಇಂಗ್ಲೆಂಡಿನ ಮೈದಾನಗಳೆಲ್ಲ ಬರುತ್ತಿದ್ದವು.

1773ರಲ್ಲಿ ಈ ಮೈದಾನವನ್ನು ಊರಿಗೆ ಬಿಟ್ಟುಕೊಟ್ಟ ಧಣಿ ಡಾರ್ಸೆಟ್‌ನ ಮೂರನೇ ಡ್ಯೂಕ್, ಜಾನ್ ಫ್ರೆಡರಿಕ್ ಸ್ಯಾಕ್‌ವಿಲ್. ಇವನಿಗೆ ಕ್ರಿಕೆಟ್ ಹುಚ್ಚು ಎಷ್ಟೆಂದರೆ, 1769ರಲ್ಲಿ ಇವನ ತಂಡಕ್ಕೆ 107 ರನ್ ಹೊಡೆದ ಜಾನ್ ಮಿನ್ಶಲ್‌ನನ್ನು ಮುಂದೆ ಬಂಗಲೆಯಲ್ಲಿ ತೋಟದ ಮಾಲಿಯಾಗಿಯೇ ಇಟ್ಟುಕೊಂಡ. ಗುಲಾಬಿ ಕತ್ತರಿಸಲು ಬರುತ್ತಿತ್ತೋ ಇಲ್ಲವೋ, ಕಟ್ ಹೊಡೆಯಲು ಬಂದರೆ ಸಾಕಿತ್ತು. ನಮ್ಮ ರೈಲ್ವೆ, ಬ್ಯಾಂಕುಗಳ ಸ್ಪೋರ್ಟ್ಸ್ ಕೋಟಾದ ಮೂಲಪುರುಷ ಈ ಡ್ಯೂಕನೇ ಇರಬೇಕು. ಮುಂದೆ ಪ್ಯಾರಿಸ್ಸಿಗೆ ರಾಯಭಾರಿಯಾಗಿ ಹೋದ. 1789ರಲ್ಲಿ ಕ್ರಾಂತಿಗೆದ್ದ ಫ್ರೆಂಚರು ಬಾಸ್ಟೀಲ್ ಸೆರೆಮನೆ ಕೆಡವುತ್ತಿದ್ದರೆ ಇವನು ಅಲ್ಲಿಗೆ ಕ್ರಿಕೆಟ್ ತಂಡ ಕರೆಸುತ್ತಿದ್ದನಂತೆ. ತಂಡ ಇಂಗ್ಲೆಂಡಿನದೇ ಡೋವರ್ ಬಂದರು ಮುಟ್ಟುವಷ್ಟರಲ್ಲಿ ಡ್ಯೂಕನೇ ಎದುರಿಂದ ವಾಪಸು ಬಂದನಂತೆ.

1987ರ ಬಿರುಗಾಳಿಗೆ ಮೈದಾನದಂಚಿನ ಏಳು ಓಕ್ ಮರಗಳಲ್ಲಿ ಆರು ಉರುಳಿದವು. ‘ಏಳು ಓಕ್’ ಎಂಬ ಊರಹೆಸರು ಬದಲಾಗಲಿಲ್ಲ, ಗೇಣಿಯೂ ಏರಲಿಲ್ಲ.

ನನ್ನ ಚಿಂತೆ ಬೇರೆ. ಆ ಪುರಸಭೆಯಲ್ಲೂ ಒಬ್ಬ ಗುಮಾಸ್ತ ಇರುತ್ತಾನಲ್ಲ, ಅವನೇನಾದರೂ ಒಂದು ಕಾಳು ಹಲ್ಲಿಗಿಟ್ಟು ನೋಡಿದರೆ, ಉಳಿಯುವುದು ಮೈದಾನದ್ದೋ ಪೆವಿಲಿಯನ್ನಿನದೋ?