ಸ್ಪೀಕರ್ ಆಯ್ತು, ಈಗ ಆಂಪ್ಲಿಫೈಯರ್ ಬದಲಾಯಿಸಬೇಕಂತೆ!

ಸ್ಪೀಕರ್ ಮಾರುವವರ ಮಾತಿಗೆ ಕೊನೆ ಅನ್ನೋದೇ ಇಲ್ಲ. ಕೊಳ್ಳುವ ಮುಂಚೆ "ಇದೊಂದು ಹಾಕಿಬಿಡಿ ಸಾರ್, ಸೌಂಡೇ ಬೇರೆ" ಅನ್ನುತ್ತಾರೆ. ಮನೆಗೆ ತಂದು ಜೋಡಿಸಿ, ಅಂಥಾ ವ್ಯತ್ಯಾಸ ಏನೂ ಗೊತ್ತಾಗುತ್ತಿಲ್ಲವಲ್ಲ ಎಂದು ಕೇಳಿದರೆ, ಅದೇ ಬಾಯಲ್ಲಿ "ನಿಮ್ಮ ಆಂಪ್ಲಿಫೈಯರ್ ಹಳೇದು ಸಾರ್, ಇದಕ್ಕೆ ಸಾಕಾಗಲ್ಲ" ಅನ್ನುತ್ತಾರೆ. ಆಮೇಲೆ ಕೇಬಲ್. ಆಮೇಲೆ ಸ್ಟ್ಯಾಂಡ್. ಏನೂ ಉಳಿಯದಿದ್ದರೆ "ಸ್ಪೀಕರ್ ಇನ್ನೂ ಪಳಗಬೇಕು, ನೂರಾರು ಗಂಟೆ ಓಡಲಿ". ಅಷ್ಟು ಹೊತ್ತು ಕೇಳಿದರೆ ಪಳಗುವುದು ನಮ್ಮ ಕಿವಿ ಅಲ್ವಾ?

ನನ್ನ ಹಳೆಯ ಸ್ಪೀಕರ್‌ಗಳಲ್ಲಿ ವೂಫರ್ (ತಗ್ಗಿನ ಸ್ವರ ನುಡಿಸುವ ದೊಡ್ಡ ಭಾಗ) ಸುತ್ತಲಿನ ಫೋಮ್ ಪುಡಿಯಾಗಿತ್ತು. ಬೆರಳು ತಾಗಿಸಿದರೆ ಕಪ್ಪಗೆ ಅಂಟಿಕೊಂಡು ಉದುರುತ್ತಿತ್ತು. ಬೇಸ್, ಅಂದರೆ ಆ ತಗ್ಗಿನ ಸ್ವರ, ಬಂದಾಗಲೆಲ್ಲ ಪರಪರ ಸದ್ದು. ಅದುರುವ ಕೋನ್, ಅದನ್ನು ಅಲುಗಿಸುವ ತಂತಿಸುರುಳಿ (ಕಾಯಿಲ್) ಸರಿ ಇದ್ದರೆ ಆ ಫೋಮ್ ಬಳೆ ಒಂದನ್ನೇ ಬದಲಾಯಿಸಬಹುದು, ಸ್ಪೀಕರ್ ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ಅಂಗಡಿಯಲ್ಲಿ ಯಾರಾದರೂ ಇದನ್ನು ಹೇಳಿದರಾ? "ಆ ಕಾಲದ ಮಾಲು ಸಾರ್, ಬಿಸಾಕಿ" ಎಂದರು, ಮುಗೀತು.

ಇನ್ನು ವಾಟ್ ಲೆಕ್ಕ. ಇದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. "ನಿಮ್ಮದು 50 ವಾಟ್, ಇದು 100 ವಾಟ್, ಡಬಲ್ ಸೌಂಡ್!" ಸ್ವಾಮಿ, ಸ್ಪೀಕರ್ ಮೇಲೆ ಬರೆದ ವಾಟ್ ಅದು ಎಷ್ಟು ತಡೆದುಕೊಳ್ಳುತ್ತದೆ ಅನ್ನೋದರ ಲೆಕ್ಕ. ಎಷ್ಟು ಜೋರಾಗಿ ಹಾಡುತ್ತದೆ ಅನ್ನೋದಲ್ಲ. ಆಂಪ್ಲಿಫೈಯರ್‌ನಿಂದ ನಿಜವಾಗಿ ಎರಡು ಪಟ್ಟು ವಾಟ್ ಕೊಟ್ಟರೂ ಸದ್ದು ಏರುವುದು 3 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಮಾತ್ರ. ಕಿವಿಗೆ ಡಬಲ್ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್. ನೋಡಬೇಕಾದದ್ದು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಸದ್ದು ಬರುತ್ತದೆ ಅನ್ನೋದು. 90 ಡೆಸಿಬೆಲ್ ಸ್ಪೀಕರ್ ಮಾಡುವಷ್ಟು ಸದ್ದನ್ನು 84 ಡೆಸಿಬೆಲ್ ಸ್ಪೀಕರ್‌ನಿಂದ ತೆಗೆಯಲು ನಾಲ್ಕು ಪಟ್ಟು ವಾಟ್ ಬೇಕು. ಇದು ಮಾತ್ರ ಪುಸ್ತಿಕೆಯ ಕೊನೇ ಪುಟದಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಅಂಕಿ) ಅಂತ ಸಾವಿರಗಟ್ಟಲೆ ವಾಟ್ ಬರೆದ ಪುಟಾಣಿ ಡಬ್ಬಗಳ ಕಥೆ ಬೇಡವೇ ಬೇಡ.

ಅಂಗಡಿಯಲ್ಲಿ ಕೇಳಿಸುವ ರೀತಿಯಾದರೂ ನೆಟ್ಟಗಿದೆಯಾ? ಎರಡು ಜೋಡಿ ಇಡುತ್ತಾರೆ. ವಾಲ್ಯೂಮ್ ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತಾರೆ. ಸೆನ್ಸಿಟಿವಿಟಿ ಜಾಸ್ತಿ ಇರುವುದು ಸ್ವಲ್ಪ ಜೋರಾಗಿ ಕೇಳಿಸುತ್ತದೆ. ಆ ಸ್ವಲ್ಪ ಜೋರು ನಮ್ಮ ಕಿವಿಗೆ ಜೋರು ಅನ್ನಿಸುವುದಿಲ್ಲ, ಸ್ಪಷ್ಟ ಅನ್ನಿಸುತ್ತದೆ, ತುಂಬಿದ ಹಾಗೆ ಅನ್ನಿಸುತ್ತದೆ. "ಕೇಳಿದ್ರಾ ಸಾರ್ ವ್ಯತ್ಯಾಸ?" ಕೇಳದೆ ಏನು! ಕಣ್ಣೂ ಸುಮ್ನೆ ಕೂರುವುದಿಲ್ಲ. ಸ್ಪೀಕರ್‌ಗಳ ಮೇಲೆ ಸಂಶೋಧನೆ ಮಾಡಿದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲೇ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಪರದೆ ಹಿಂದೆ ಇಟ್ಟು ಕೇಳಿಸಿದಾಗ ಜನ ಕೊಟ್ಟ ಅಂಕವೇ ಬೇರೆ, ಅದೇ ಸ್ಪೀಕರ್‌ಗಳನ್ನು ಕಣ್ಣಾರೆ ನೋಡುತ್ತಾ ಕೇಳಿದಾಗ ಕೊಟ್ಟ ಅಂಕವೇ ಬೇರೆ. ದೊಡ್ಡದು, ಚೆಂದದ್ದು, ಹೆಸರಿರುವುದು ಅಂತ ಕಂಡರೆ ಸಾಕು, ಕಿವಿ ಸೋಲುತ್ತದೆ.

ಕೇಬಲ್ ವಿಷಯಕ್ಕೆ ಬಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹೆಬ್ಬಾವಿನಂಥ ದಪ್ಪ ಕೇಬಲ್, ಮೇಲೆ ಬಾಣದ ಗುರುತು ಬೇರೆ. ಸಿಗ್ನಲ್ ಈ ಕಡೆಗೇ ಹೋಗಬೇಕಂತೆ. ಸ್ಪೀಕರ್‌ಗೆ ಹೋಗುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು ಕಣ್ರೀ! ಪ್ರತಿ ಸೆಕೆಂಡಿಗೂ ನೂರಾರು, ಸಾವಿರಾರು ಸಲ ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. 2.5 ಚದರ ಮಿಲಿಮೀಟರ್‌ನ ಮಾಮೂಲಿ ತಾಮ್ರದ ವೈರ್ ಮೂರು ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಕರೆಂಟಿಗೆ ಒಡ್ಡುವ ತಡೆ 0.04 ಓಮ್ ಆಸುಪಾಸು ಬರುತ್ತದೆ. ಸ್ಪೀಕರ್ 8 ಓಮ್. ಇದರಲ್ಲಿ ಅದ್ಯಾವ ಸೌಂಡ್ ಕಳೆದುಹೋಗುತ್ತದೋ!

ಇಷ್ಟೆಲ್ಲ ಮಾತಾಡುವವರು ಕೋಣೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಯಾಕೆಂದರೆ ಅದನ್ನು ಮಾರಲು ಬರುವುದಿಲ್ಲ. ಎದುರುಬದುರು ಗೋಡೆಗಳ ನಡುವೆ ನಾಲ್ಕು ಮೀಟರ್ ಇದ್ದರೆ, 43 ಹರ್ಟ್ಸ್ (ಸೆಕೆಂಡಿಗೆ 43 ಕಂಪನ) ಹತ್ತಿರದ ಬೇಸ್ ಗೋಡೆ ಪಕ್ಕದಲ್ಲಿ ಗುಂಯ್ ಎಂದು ಉಬ್ಬುತ್ತದೆ, ನಟ್ಟನಡುವೆ ಕೂತರೆ ಅದೇ ಸ್ವರ ಮಾಯ. ಎಷ್ಟೇ ದುಬಾರಿ ಸ್ಪೀಕರ್ ತಂದರೂ ಗೋಡೆ ಕೇಳುವುದಿಲ್ಲ. ನನ್ನ ಮನೆಯಲ್ಲಿ ನಿಜವಾದ ಬದಲಾವಣೆ ಬಂದದ್ದು ಸ್ಪೀಕರ್‌ಗಳನ್ನು ಮೂಲೆಯಿಂದ ಮುಂದಕ್ಕೆ ಎಳೆದು, ಟ್ವೀಟರ್ (ಏರುಸ್ವರ ನುಡಿಸುವ ಸಣ್ಣ ಭಾಗ) ಕಿವಿಯ ಮಟ್ಟಕ್ಕೆ ಬರುವ ಹಾಗೆ ಎತ್ತಿಟ್ಟ ಮೇಲೆ. ಬೇಸ್‌ನ ಗೊಜಗೊಜ ಹೋಯಿತು. ಖರ್ಚು ಸೊನ್ನೆ.

ಹಾಗಂತ ಹೊಸ ಸ್ಪೀಕರ್ ದಂಡ ಅಂತ ನಾನು ಹೇಳುತ್ತಿಲ್ಲ. ಇಡೀ ಸಿಸ್ಟಂನಲ್ಲಿ ದುಡ್ಡು ಹಾಕುವುದಾದರೆ ಸ್ಪೀಕರ್‌ಗೇ ಹಾಕಬೇಕು, ವ್ಯತ್ಯಾಸ ಜಾಸ್ತಿ ಕೇಳಿಸುವುದು ಅಲ್ಲೇ. ಹೊಸದರಲ್ಲಿ ತಂತಿ ಮೀಟುವ ಉಗುರಿನ ಸದ್ದು, ಹಾಡುವವರು ಸಾಲಿನ ನಡುವೆ ಎಳೆದುಕೊಳ್ಳುವ ಉಸಿರು ಬಿಡಿಬಿಡಿಯಾಗಿ ಕೇಳುತ್ತದೆ. ಹಳೆಯದರಲ್ಲಿ ಎಲ್ಲ ಕಲಸಿಹೋಗುತ್ತಿತ್ತು. ಅದಕ್ಕೆ ಕೊಟ್ಟ ದುಡ್ಡಿನ ಬಗ್ಗೆ ಬೇಜಾರಿಲ್ಲ. ಆದರೆ ಒಂದು ಮಟ್ಟ ದಾಟಿದ ಮೇಲೆ ಬೆಲೆ ಎರಡು ಪಟ್ಟು ಏರಿದರೂ ಕಿವಿಗೆ ಸಿಗುವುದು ಚೂರೇ ಚೂರು. ಉಳಿದದ್ದೆಲ್ಲ ಮರದ ಹೊಳಪಿಗೆ, ತೂಕಕ್ಕೆ, ಹೆಸರಿಗೆ. ಆ ಮಟ್ಟ ಎಲ್ಲಿದೆ ಅಂತ ಗ್ರಾಹಕನಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದೇ ಇವರ ಕಸುಬು.

ಅದಕ್ಕೇ ಕೇಳಿದೆ: ಮುಂದಿನ ಮಾಡೆಲ್ ಅಷ್ಟು ಚೆನ್ನಾಗಿದ್ದರೆ ಮನೆಗೆ ಕಳಿಸಿ, ನನ್ನ ಕೋಣೆಯಲ್ಲಿ, ನನ್ನ ಆಂಪ್ಲಿಫೈಯರ್‌ಗೆ ಹಾಕಿ, ಎರಡರ ಸದ್ದೂ ಸಮ ಮಾಡಿ ಕೇಳುತ್ತೇನೆ, ಇಷ್ಟವಾದರೆ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಬಂದ ಉತ್ತರ: "ಪ್ಯಾಕಿಂಗ್ ಒಡೆದರೆ ವಾಪಸ್ ತಗೊಳ್ಳಲ್ಲ ಸಾರ್." ಪ್ಯಾಕಿಂಗ್ ಒಡೆಯದೆ ಸ್ಪೀಕರ್ ಕೇಳೋದು ಹೇಗೆ ಅಂತ ಅವರೇ ಬಂದು ತೋರಿಸಲಿ!