ಹತ್ತು ಬೆರಳಿನ ಮಹೋತ್ಸವ

ನಾನು ಓದಿದ ಶಾಲೆಗೆ ಈ ವರ್ಷ 74. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯ ಕನ್ನಡ ಶಾಲೆ. ಮಾಡು ಸೋರುತ್ತದೆ. ಹಳೆ ವಿದ್ಯಾರ್ಥಿಗಳ ಸಭೆ ಉಂಟೆಂದು ಹೇಳಿಕೆ ಬಂದಾಗ ಹಂಚಿನ ಮಾತೇ ಇರಬೇಕೆಂದು ಹೋದೆ. ಅಧ್ಯಕ್ಷರು ಎದ್ದವರೇ, "74ಕ್ಕೆಲ್ಲ ಯಾರು ದುಡ್ಡು ಬಿಚ್ಚುತ್ತಾರೆ ಮಾರಾಯ್ರೇ? ಬರುವ ವರ್ಷ ಅಮೃತ ಮಹೋತ್ಸವ. ಆಗ ಗೌಜಿಯಲ್ಲೇ ಮಾಡುವಾ" ಎಂದರು. ಎಲ್ಲರೂ ಹೌದೆಂದರು. ಸ್ಮರಣ ಸಂಚಿಕೆಗೆ ಸಮಿತಿಯೂ ಆಯಿತು. ಪಾಪದ 74, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದು ಕೂತವನ ಹಾಗೆ ಬಾಗಿಲಲ್ಲೇ ಉಳಿಯಿತು.

ಅಧ್ಯಕ್ಷರನ್ನು ದೂರಿ ಫಲವಿಲ್ಲ, ತಪ್ಪು ಅವರ ಕೈಗಳದ್ದು. ಎರಡು ಕೈಗೆ ಹತ್ತು ಬೆರಳು, ಹತ್ತು ಹತ್ತಲ ನೂರು. ನೂರರ ಕಾಲಿಗೆ ಬೆಳ್ಳಿ, ಅರ್ಧಕ್ಕೆ ಚಿನ್ನ, ಮುಕ್ಕಾಲಿಗೆ ಅಮೃತ. ದೇವರು ಎಂಟೇ ಬೆರಳು ಕೊಟ್ಟಿದ್ದರೆ ಎಂಟೆಂಟಲ 64 ನಮ್ಮ 'ನೂರು' ಆಗುತ್ತಿತ್ತು. ಶತಮಾನೋತ್ಸವ ಹತ್ತು ವರ್ಷದ ಹಿಂದೆಯೇ ಮುಗಿದು, ಮಾಡಿಗೆ ಹೊಸ ಹಂಚು ಏರಿರುತ್ತಿತ್ತು. ಎರಡು ಬೆರಳು ಹೆಚ್ಚಾದದ್ದಕ್ಕೆ ಮಕ್ಕಳು ನೆನೆಯುತ್ತಿದ್ದಾರೆ.

ಭಾಷೆಯೂ ಬೆರಳಿನ ಪಕ್ಷವೇ. ಒಂಬತ್ತು ಎಂಬ ಶಬ್ದವನ್ನೇ ನೋಡಿ, ಹತ್ತಕ್ಕೆ ಒಂದು ಕಡಿಮೆ ಎಂದೇ ಅದರ ಹುಟ್ಟು. ಸ್ವಂತ ಹೆಸರೂ ಇಲ್ಲದ ಸಂಖ್ಯೆಗೆ ಚಪ್ಪರ ಹಾಕುವವರು ಯಾರು?

ನನ್ನ ಅಜ್ಜಿಯ ಲೆಕ್ಕ ಬೇರೆಯಿತ್ತು. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಗೆಣ್ಣಿನ ಮೇಲೆ ಓಡಿಸಿ ಒಂದೇ ಕೈಯಲ್ಲಿ ಹನ್ನೆರಡು ಎಣಿಸುತ್ತಿದ್ದಳು. ನಮ್ಮ ದೈವ ದೇವರುಗಳೂ ಅಜ್ಜಿಯ ಕಡೆಯವರೇ. ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ ಬಂದಾಗ ದೇವಸ್ಥಾನದ ಮಾಡಿನಿಂದ ಪಾಗಾರದವರೆಗೆ ಎಲ್ಲ ಹೊಸತಾಗುತ್ತದೆ. ದೇವರ ಮಾಡು ಹನ್ನೆರಡಕ್ಕೆ ರಿಪೇರಿ, ಮಕ್ಕಳ ಮಾಡು ಇಪ್ಪತ್ತೈದಕ್ಕೆ. ಅಜ್ಜಿಯನ್ನು ಕೇಳಿದ್ದರೆ ಎರಡು ವರ್ಷದ ಹಿಂದೆ, 72ಕ್ಕೇ, ಶಾಲೆಗೆ ಕಲಶವಾಗುತ್ತಿತ್ತು.

ಬೆಳ್ಳಿ, ಚಿನ್ನ, ಅಮೃತದ ಸಾಲಿಗೆ ಸೇರದೆಯೂ ಗೌರವ ಗಿಟ್ಟಿಸಿಕೊಂಡ ಇನ್ನೊಂದು ಲೆಕ್ಕ ಷಷ್ಟ್ಯಬ್ದಿ. ಅದರ ಅರವತ್ತು ಬಂದದ್ದು ಬೆರಳಿನಿಂದಲ್ಲ, ಆಕಾಶದಿಂದ. ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸಿ ಹೆಚ್ಚುಕಡಿಮೆ ಹೊರಟಲ್ಲಿಗೇ ಬರಲು ಅರವತ್ತು ವರ್ಷ ಬೇಕು. ಸಂವತ್ಸರಗಳೂ ಅಷ್ಟೇ, ಒಂದೊಂದಕ್ಕೂ ಹೆಸರುಂಟು. ಕಾಸರಗೋಡಿನವರು ಆ ಹೆಸರುಗಳನ್ನು ಓದಬಾರದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ್ದು ದುರ್ಮುಖಿ ಸಂವತ್ಸರದಲ್ಲಿ. ಜಿಲ್ಲೆಯಾದ 1984 ರಕ್ತಾಕ್ಷಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ ವರದಿ ಕೊಟ್ಟ 1967 ಪ್ಲವಂಗ, ಅಂದರೆ ಮಂಗ. ಮಂಗ ಹಾರಿತು, ವರದಿ ಕೂತಲ್ಲೇ ಕೂತಿತು. 2027ಕ್ಕೆ ಮತ್ತೆ ಪ್ಲವಂಗ ಬರುತ್ತದೆ, ವರದಿಗೆ ಷಷ್ಟ್ಯಬ್ದಿ. ಷಷ್ಟ್ಯಬ್ದಿಯಲ್ಲಿ ಮರುಮದುವೆ ಮಾಡುವುದು ಕ್ರಮ. ಮೊದಲ ಮದುವೆಯೇ ಆಗದವರಿಗೆ ಶಾಸ್ತ್ರದಲ್ಲಿ ಏನಿದೆಯೋ, ಭಟ್ರನ್ನೇ ಕೇಳಬೇಕು.

ಗಡಿಯ ತಲಪಾಡಿ ಗೇಟಿನ ಆಚೆ, ಕರ್ನಾಟಕದವರು ಪುಣ್ಯವಂತರು. ರಾಜ್ಯ ಒಂದಾದದ್ದಕ್ಕೆ 2006ರಲ್ಲಿ 50, ಕರ್ನಾಟಕವೆಂದು ಹೆಸರಾದದ್ದಕ್ಕೆ 2023ರಲ್ಲಿ ಮತ್ತೆ 50. ಒಂದೇ ರಾಜ್ಯಕ್ಕೆ ಎರಡೆರಡು ಚಿನ್ನ. ನಾವು ಎರಡನ್ನೂ ಟೀವಿಯಲ್ಲಿ ನೋಡಿದೆವು. 2026ರ ನವೆಂಬರ್ 1ಕ್ಕೆ ನಾವು ಈಚೆಗಾಗಿ 70 ವರ್ಷ. 70ಕ್ಕೆ ನಮ್ಮಲ್ಲಿ ಲೋಹವೂ ಇಲ್ಲ, ಅಮೃತವೂ ಇಲ್ಲ. ಸಂವತ್ಸರದ ಹೆಸರು ಮಾತ್ರ ಉಂಟು: ಪರಾಭವ.

ಸಭೆಗೆ ಮರಳಿ ಬರುತ್ತೇನೆ. ನಮ್ಮ ಶಾಲೆಗೆ ಹೊಸದಾಗಿ ಬಂದ ಗಣಿತದ ಮಾಷ್ಟ್ರಿಗೆ ಕನ್ನಡ ಬಾರದು. ಕನ್ನಡ ಶಾಲೆಗೆ ಕನ್ನಡ ಬಾರದವರು ಬರುವುದು ನಮ್ಮ ಗಡಿನಾಡಿನ ಹಳೆಯ ಕತೆ, ಅದಕ್ಕಿನ್ನೂ ಯಾರೂ ರಜತ ಮಹೋತ್ಸವ ಮಾಡಿಲ್ಲ. ಮಾಷ್ಟ್ರು ಪಾಪ ಒಳ್ಳೆಯವರು. ಎರಡೂ ಕೈ ಎತ್ತಿ ಮಲಯಾಳದಲ್ಲಿ "ಪತ್ತ್" ಎನ್ನುತ್ತಾರೆ. ತುಳುವಿನಲ್ಲೂ ಹತ್ತಕ್ಕೆ ಪತ್ತ್ ಎಂದೇ ಹೇಳುವುದರಿಂದ ಮಕ್ಕಳಿಗೆ ಅಷ್ಟು ಗಣಿತ ಅರ್ಥವಾಗುತ್ತದೆ. ಭಿನ್ನರಾಶಿಗೆ ಬೆರಳು ಸಾಲುವುದಿಲ್ಲ.

ಹೊರಗೆ ಮಳೆ ಜೋರಾಯಿತು. ಬಕೆಟ್ ಇಡಲು ಎದ್ದ ಮಾಷ್ಟ್ರನ್ನು ಅಧ್ಯಕ್ಷರು ಕೈಸನ್ನೆಯಲ್ಲೇ ವಿಚಾರಿಸಿದರು, ಎಷ್ಟು ಕಡೆ ಸೋರುತ್ತದೆ ಎಂದು. ಮಾಷ್ಟ್ರು ಮೇಲೆ ನೋಡಿ, ಎಣಿಸಿ, ಎರಡೂ ಕೈ ಎತ್ತಿ ಒಂದು ಕಿರುಬೆರಳು ಮಡಚಿದರು.

"ಒಂಬತ್ತಾ? ಹತ್ತಾಗಲಿ, ನೋಡುವಾ" ಎಂದರು ಅಧ್ಯಕ್ಷರು.