ಟಜಾರಾ ರೈಲು: ಚೀನಾ ಹಾಕಿದ್ದು ನಿಜ, ಹಳಿಯ ಅಳತೆ ಚೀನಾದ್ದಲ್ಲ

ಟಜಾರಾ ಎಂದರೆ ತಾಂಜಾನಿಯಾ–ಜಾಂಬಿಯಾ ರೈಲು ಮಾರ್ಗ. 'ಜಾಂಬಿಯಾದ ತಾಮ್ರ ಸಾಗಿಸುವ ಟಜಾರಾ ರೈಲು ಚೀನಾದ ಅಳತೆಯದು. ರಾಜಧಾನಿ ಲುಸಾಕಾದಲ್ಲಿ ಶುರುವಾಗುವ ಈ ಮಾರ್ಗದ ವ್ಯಾಗನ್ ತಾಂಜಾನಿಯಾದ ಯಾವ ಹಳಿಯ ಮೇಲಾದರೂ ಓಡುತ್ತದೆ' ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಮೂರು ತಪ್ಪುಗಳಿವೆ.

ಟಜಾರಾ ಶುರುವಾಗುವುದು ಲುಸಾಕಾದಲ್ಲಲ್ಲ, ಅದರ ಉತ್ತರಕ್ಕಿರುವ ಕಪಿರಿ ಎಂಪೋಶಿಯಲ್ಲಿ. ಅಲ್ಲಿಂದ ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿಗೆ ಸುಮಾರು 1,860 ಕಿ.ಮೀ.

1970ರ ದಶಕದಲ್ಲಿ ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು ಕಟ್ಟಿಸಿದ್ದು ನಿಜ. ಆದರೆ ಹಳಿಗಳ ನಡುವಿನ ಅಂತರ ಚೀನಾದ 1,435 ಮಿ.ಮೀ. ಅಲ್ಲ, 1,067 ಮಿ.ಮೀ. ಜಾಂಬಿಯಾ, ಜಿಂಬಾಬ್ವೆ, ದಕ್ಷಿಣ ಆಫ್ರಿಕಾಗಳಲ್ಲಿ ಇರುವುದೂ ಇದೇ. ಸಮುದ್ರವಿಲ್ಲದ ದೇಶಕ್ಕೆ ಅದೇ ಸರಿಯಾದ ಆಯ್ಕೆಯಾಗಿತ್ತು: ತಾಮ್ರದ ಗಣಿಯಲ್ಲಿ ತುಂಬಿದ ವ್ಯಾಗನ್ ಸರಕಿಳಿಸದೆ ಬಂದರು ಮುಟ್ಟಬಹುದು.

ತೊಡಕಿರುವುದು ತಾಂಜಾನಿಯಾದ ಒಳಗೆ. ಅಲ್ಲಿನ ಹಳೆಯ ಮಾರ್ಗ ಮೀಟರ್ ಗೇಜ್, ಅಂದರೆ 1,000 ಮಿ.ಮೀ. ವ್ಯತ್ಯಾಸ ನಾಲ್ಕು ಬೆರಳಿನಗಲ ಅಷ್ಟೇ. ಆದರೆ ಗಾಲಿಯ ಚಾಚಿದ ಅಂಚು ಹಳಿಯ ಒಳಬದಿಯಲ್ಲೇ ಓಡಬೇಕು. 1,067ರ ಗಾಲಿಯನ್ನು ಮೀಟರ್ ಗೇಜ್ ಮೇಲಿಟ್ಟರೆ ಆ ಅಂಚು ಹಳಿಯ ತಲೆಯ ಮೇಲೇ ಕೂರುತ್ತದೆ. ಹಾಗಾಗಿ ಎರಡೂ ಸೇರುವ ಕಿಡಾಟುವಿನಲ್ಲಿ ಸರಕನ್ನು ಒಂದು ವ್ಯಾಗನ್‌ನಿಂದ ಇನ್ನೊಂದಕ್ಕೆ ಎತ್ತಿ ಹಾಕಲೇಬೇಕು. 2024ರಲ್ಲಿ ದಾರ್–ದೊಡೊಮಾ ನಡುವೆ ಶುರುವಾದ ಹೊಸ ಮಾರ್ಗವಂತೂ 1,435 ಮಿ.ಮೀ.; ಅದು ಮೂರನೆಯ ಅಳತೆ.

ಇನ್ನೊಂದು ಮಾತು. ತಾಮ್ರವೆಲ್ಲ ರೈಲಿನಲ್ಲೇ ಹೋಗುತ್ತದೆ ಎಂದುಕೊಳ್ಳಬೇಡಿ. ವರ್ಷಕ್ಕೆ 20 ಲಕ್ಷ ಟನ್ ಸಾಗಿಸಲೆಂದು ಕಟ್ಟಿದ ಈ ಮಾರ್ಗ ಆ ಮಟ್ಟ ಮುಟ್ಟಲೇ ಇಲ್ಲ. ಎಂಜಿನ್, ವ್ಯಾಗನ್‌ಗಳ ಕೊರತೆಯಿಂದ ಬಹುಪಾಲು ಸರಕು ಲಾರಿ ಹತ್ತಿತು. ಜಾಂಬಿಯಾ–ತಾಂಜಾನಿಯಾ ನಡುವಿನ ನಕೊಂಡೆ–ತುಂಡುಮಾ ಗಡಿಯಲ್ಲಿ ಸಾಲುಗಟ್ಟಿ ನಿಲ್ಲುವ ಲಾರಿಗಳೇ ಇದಕ್ಕೆ ಸಾಕ್ಷಿ.